ಕಾರಣ ಪೂರ್ತಿ ಬರೆಯಬೇಕು

ರಜೆ ಅರ್ಜಿ ತೆಗೆದುಕೊಳ್ಳುವ ಕಿಟಕಿಯ ಮುಂದೆ ಆ ಮಂಗಳವಾರ ಹದಿನೇಳು ಜನ ಡ್ರೈವರುಗಳು ಸಾಲಾಗಿ ನಿಂತಿದ್ದರು. ಹದಿನೇಳನೆಯವನು ಒಂದು ಕಾಲಕ್ಕೆ ಅವಳ ಗಂಡನಾಗಿದ್ದವನು.

ಅವಳು ಬಸ್ ಡಿಪೋದ ಪಾಳಿ ಗುಮಾಸ್ತೆ. ಯಾವ ಡ್ರೈವರು ಯಾವ ದಿನ ಎಷ್ಟು ಹೊತ್ತಿಗೆ ಯಾವ ಬಸ್ಸು ಹತ್ತಬೇಕು ಅನ್ನುವುದನ್ನು ಬರೆದು ಹಾಕುವವಳು. ಮೊದಲು ಪೆನ್ಸಿಲಿನಲ್ಲಿ ಬರೆಯುವಳು, ಅಳಿಸುವಳು, ಮತ್ತೆ ಬರೆಯುವಳು. ಶನಿವಾರ ಮಧ್ಯಾಹ್ನ ಮೂರಕ್ಕೆ ಪೆನ್ನಿನಲ್ಲಿ ಬರೆದ ಹಾಳೆ ಬೋರ್ಡಿಗೆ ಹತ್ತಿತೆಂದರೆ ಮುಗಿಯಿತು, ದೊರೆ ಬಂದು ಕೇಳಿದರೂ ಬದಲಾವಣೆ ಇಲ್ಲ. ಹಾಗಾಗಿ ಇಡೀ ಡಿಪೋಗೆ ಅವಳು ಪೆನ್ಸಿಲ್ ಮೇಡಂ. ಬೆನ್ನ ಹಿಂದೆ ಮಾತ್ರ. ಎದುರಿಗೆ ಬರೀ ಮೇಡಂ.

ಅವನಿಗೂ ಒಂದು ಹೆಸರಿತ್ತು. ಎಂಟು ವರ್ಷದಿಂದ ಹದಿನಾಲ್ಕನೇ ನಂಬರಿನ ಬಸ್ಸನ್ನೇ ಓಡಿಸಿ ಓಡಿಸಿ ಅವನೇ ಹದಿನಾಲ್ಕು ಆಗಿಬಿಟ್ಟಿದ್ದ.

ಅವನ ಸರದಿ ಬಂತು. ಅರ್ಜಿಯನ್ನು ಕಿಟಕಿಯ ಕೆಳಗಿನ ಸಂದಿಯಲ್ಲಿ ಒಳಗೆ ತಳ್ಳಿದ. ಹತ್ತು ದಿನ ರಜೆ. ಕಾರಣ ಅನ್ನುವ ಜಾಗದಲ್ಲಿ ಒಂದೇ ಪದ: ಮಗಳು.

"ಕಾರಣ ಪೂರ್ತಿ ಬರೀಬೇಕು," ಅಂದಳು ಅವಳು, ತಲೆ ಎತ್ತದೆ.

"ಪೂರ್ತಿನೇ ಅಲ್ವಾ ಮೇಡಂ? ಒಬ್ಬಳೇ ಇರೋದು."

ಪಕ್ಕದಲ್ಲಿ ಇನ್ನೂ ನಿಂತಿದ್ದವರಲ್ಲಿ ಯಾರೋ ಕಿಸಕ್ಕನೆ ನಕ್ಕರು.

"ಮಗಳಿಗೆ ಏನಾಗಿದೆ ಅಂತ ಬರೀಬೇಕು. ಜ್ವರ, ಕೆಮ್ಮು, ಏನಾದ್ರೂ."

"ಶಾಲೆಗೆ ರಜ ಬಂದಿದೆ."

"ರಜ ಕಾಯಿಲೆ ಅಲ್ಲ."

"ನಿಮಗೇ ಗೊತ್ತಲ್ಲ ಮೇಡಂ, ನಮ್ಮ ಹುಡುಗಿಗೆ ರಜ ಬಂದ್ರೆ ಜ್ವರಾನೇ ವಾಸಿ ಅನ್ಸುತ್ತೆ."

ತನ್ನ ಅರ್ಜಿ ಕೊಟ್ಟು ಮುಗಿದಿದ್ದರೂ ತಮಾಷೆ ನೋಡಲೆಂದು ಗೋಡೆಗೊರಗಿ ನಿಂತಿದ್ದ ಹಾರ್ನ್ ತಾತ ಬಾಯಿ ಹಾಕಿದ. ಮೂವತ್ತೊಂದು ವರ್ಷ ಸರ್ವೀಸಿನ ಆಸಾಮಿ, ನಿಂತ ಬಸ್ಸಿನಲ್ಲೂ ಹಾರ್ನ್ ಹೊಡೆಯುವವನು. "ಕೊಟ್ಬಿಡಮ್ಮ, ಪಾಪ. ಅವನೇನು ಮಜಾ ಮಾಡೋಕೆ ಕೇಳ್ತಿದ್ದಾನಾ?"

"ಹಾಗಾದ್ರೆ ನಿಮ್ಮ ರಜ ಬಿಟ್ಟುಕೊಡಿ ತಾತ, ಅವರಿಗೆ ಹಾಕ್ತೀನಿ."

"ಅಯ್ಯೋ, ನಾನು ಹೇಳಿದ್ದು ಬೇರೆಯವರ ರಜ."

ಎಲ್ಲರೂ ನಕ್ಕರು. ಅವಳು ನಗಲಿಲ್ಲ. ರಜಾದಿನಗಳಲ್ಲಿ ಒಂದು ದಿನಕ್ಕೆ ಎಂಟು ಜನರಿಗೆ ಮಾತ್ರ ರಜೆ, ಅದೂ ಸರ್ವೀಸಿನ ಪ್ರಕಾರ. ಅವನು ಆ ಪಟ್ಟಿಯಲ್ಲಿ ಅರವತ್ತೊಂದನೆಯವನು. ಹಿಂದಿನ ಹದಿನಾರು ಜನರಲ್ಲಿ ಹಿರಿಯರಲ್ಲದವರಿಗೆಲ್ಲ ಇಲ್ಲ ಎಂದು ಇವನಿಗೊಬ್ಬನಿಗೆ ಹೂಂ ಅಂದರೆ ನಾಳೆ ಕ್ಯಾಂಟೀನಿನಲ್ಲಿ ಏನು ಮಾತಾಡುತ್ತಾರೆ ಅನ್ನುವುದು ಅವಳಿಗೆ ಅಕ್ಷರಶಃ ಗೊತ್ತಿತ್ತು. ಠಸ್ಸೆ ಎತ್ತಿದಳು. ಠಪ್ಪೆಂದು ಒತ್ತಿದಳು. ತಿರಸ್ಕರಿಸಲಾಗಿದೆ.

ಅವನು ಕಾಗದ ಮಡಚಿ ಜೇಬಿಗೆ ಹಾಕಿಕೊಂಡು ಹೋದ. ಅವಳಿಗೆ ಅವನ ಬೆನ್ನು ಕಾಣುವವರೆಗೂ ಏನೂ ಅನ್ನಿಸಲಿಲ್ಲ. ಬೆನ್ನು ಕಂಡಾಗ ಅನ್ನಿಸಿತು.

*

ಇಬ್ಬರೂ ಬೇರೆಯಾಗಿ ಎರಡು ವರ್ಷ. ದೊಡ್ಡ ರಂಪವೇನೂ ಆಗಲಿಲ್ಲ, ಆದರೆ ಎದುರೆದುರು ಮಾತಾಡಬಾರದು ಅನ್ನುವ ತೀರ್ಮಾನಕ್ಕೆ ಬಂದರು. ಏಕೆಂದರೆ ಮಾತು ಯಾವುದರಿಂದ ಶುರುವಾದರೂ ಮೂರನೇ ವಾಕ್ಯಕ್ಕೆ ಫ್ರಿಜ್ಜಿನ ವಿಷಯ ಬರುತ್ತಿತ್ತು. ಯಾರ ಮಾತು ಕೇಳಿ ಅಷ್ಟು ದೊಡ್ಡ ಫ್ರಿಜ್ಜು ತಂದದ್ದು, ಬಾಗಿಲಲ್ಲಿ ತೂರದೆ ಕಿಟಕಿ ಕೀಳಿಸಿದ್ದು ಯಾರು, ಇತ್ಯಾದಿ. ಅಲ್ಲಿಗೆ ಬಂದರೆ ಮುಂದಿನ ಒಂದು ಗಂಟೆ ಕಳೆದ ಹಾಗೆಯೇ. ಆದ್ದರಿಂದ ಮಗಳ ಬಗ್ಗೆ ಮಾತ್ರ, ಅದೂ ಬರವಣಿಗೆಯಲ್ಲಿ. ಫೋನಿನಲ್ಲಿ ಕಳಿಸಿಕೊಳ್ಳುತ್ತಿದ್ದ ಸಂದೇಶಗಳೆಲ್ಲ ಕಚೇರಿಯ ಸುತ್ತೋಲೆಯ ಹಾಗಿರುತ್ತಿದ್ದವು.

"ಭಾನುವಾರ ಹತ್ತಕ್ಕೆ ಕಳಿಸಲಾಗುವುದು. ಸ್ವೆಟರ್ ವಾಪಸ್ ಕಳಿಸತಕ್ಕದ್ದು."

"ಸ್ವೀಕರಿಸಲಾಗಿದೆ."

ಮಗಳಿಗೆ ಎಂಟು ವರ್ಷ. ಅಪ್ಪ ಇಟ್ಟ ಅಡ್ಡಹೆಸರು ಸಾಸಿವೆ. ಗಾತ್ರ ಅಷ್ಟೇ, ಬಿಸಿ ತಾಗಿದರೆ ಸಿಡಿಯುವುದೂ ಅಷ್ಟೇ. ಶಾಲೆಯಿದ್ದಾಗ ತೊಂದರೆಯಿರಲಿಲ್ಲ. ಅಪ್ಪ ಅಮ್ಮ ಇಬ್ಬರಿಗೂ ಮೊದಲ ಪಾಳಿ, ಬೆಳಗ್ಗೆ ಆರರಿಂದ ಎರಡರವರೆಗೆ. ಪಕ್ಕದ ಮನೆಯ ನಿವೃತ್ತ ನರ್ಸಮ್ಮ ಬೆಳಗ್ಗೆ ಬಂದು ಹುಡುಗಿಯನ್ನು ಎಬ್ಬಿಸಿ ಶಾಲೆಯ ವ್ಯಾನು ಹತ್ತಿಸುತ್ತಿದ್ದಳು. ಮೂರಕ್ಕೆ ಸಾಸಿವೆ ವಾಪಸ್ ಬರುವ ಹೊತ್ತಿಗೆ ಅಮ್ಮ ಮನೆಯಲ್ಲಿರುತ್ತಿದ್ದಳು. ಶನಿವಾರ ಮಾತ್ರ ಅಮ್ಮ ಹಾಳೆ ಹಾಕಿ ಬರುವವರೆಗೂ ನರ್ಸಮ್ಮನೇ. ಆದರೆ ರಜೆಯಲ್ಲಿ ವ್ಯಾನೂ ಇಲ್ಲ, ನರ್ಸಮ್ಮನೂ ಇಲ್ಲ. ಅವಳು ತನ್ನ ಮೊಮ್ಮಕ್ಕಳ ಹತ್ತಿರ ಹೋಗುವವಳು. ಭಾನುವಾರದ ರೈಲಿಗೆ ಟಿಕೆಟ್ಟೂ ಆಗಿತ್ತು.

ಡಿಪೋಗೆ ಕರೆತರುವ ಹಾಗಿಲ್ಲ. ಹೋದ ವರ್ಷ ಅಮ್ಮ ಕರೆತಂದಿದ್ದಳು. ಎರಡನೇ ದಿನವೇ ಸಾಸಿವೆ ಕಂಟ್ರೋಲ್ ರೂಮಿನ ಮೈಕು ಹಿಡಿದು, ನಿಲ್ದಾಣದಲ್ಲಿದ್ದ ಮುನ್ನೂರು ಜನಕ್ಕೆ ಕೇಳುವ ಹಾಗೆ, "ಪ್ರಯಾಣಿಕರ ಗಮನಕ್ಕೆ, ಹದಿನಾಲ್ಕನೇ ನಂಬರಿನ ಡ್ರೈವರು ನನ್ನ ಅಪ್ಪ. ಅವರು ಮಲಗಿದಾಗ ಗೊರಕೆ ಹೊಡೀತಾರೆ. ಹೆದರಬೇಡಿ, ಬಸ್ಸು ಓಡಿಸುವಾಗ ಹೊಡೆಯೋಲ್ಲ," ಎಂದು ಘೋಷಿಸಿದ್ದಳು. ಮಾರನೇ ದಿನ ಮ್ಯಾನೇಜರು ಗೇಟಿಗೆ ನೋಟೀಸು ಅಂಟಿಸಿದ. ಮಕ್ಕಳಿಗೆ ಪ್ರವೇಶವಿಲ್ಲ. ಮಕ್ಕಳು ಅಂತ ಬಹುವಚನದಲ್ಲಿದ್ದರೂ ಯಾರಿಗೆ ಅಂತ ಎಲ್ಲರಿಗೂ ಗೊತ್ತಿತ್ತು.

ಇನ್ನು ಉಳಿದದ್ದು ದೊಡ್ಡಜ್ಜಿ. ಅಂದರೆ ಸಾಸಿವೆಯ ಅಮ್ಮನ ದೊಡ್ಡಮ್ಮ, ರೈಲಿನಲ್ಲಿ ಮೂರು ಗಂಟೆ ದೂರ. ಕೆಟ್ಟವಳೇನಲ್ಲ. ಸೋಫಾಕ್ಕೆ ಪ್ಲಾಸ್ಟಿಕ್ ಕವರು, ಟೀವಿಗೆ ಬಟ್ಟೆ ಕವರು, ಬಾಯಿಗೆ ಮಾತ್ರ ಏನೂ ಇಲ್ಲ. ಹೋದ ಸಲ ಕಳಿಸಿದಾಗ ಮೂರನೇ ದಿನ ಸಾಸಿವೆ ಫೋನಿನಲ್ಲಿ ಪಿಸುಗುಟ್ಟಿದ್ದಳು: "ಅಮ್ಮ, ಇಲ್ಲಿ ನೆಲಕ್ಕೂ ನೋವಾಗುತ್ತಂತೆ. ನಡೀಬಾರದಂತೆ." ಅದಕ್ಕೆ ನಕ್ಕಿದ್ದಳು ಅವಳು. ಆದರೆ ವಾಪಸ್ ಬಂದ ಹುಡುಗಿ ಒಂದು ವಾರ ಸಿಡಿಯಲೇ ಇಲ್ಲ. ಒಂದು ರಾತ್ರಿ ತಲೆ ಬಾಚಿಸಿಕೊಳ್ಳುತ್ತ ಕೇಳಿದ್ದಳು, "ನಿಮ್ಮಿಬ್ಬರಿಗೂ ನಾನು ಬೇಡವಾದಾಗ ಅಲ್ಲಿಗೆ ಕಳಿಸ್ತೀರಾ?"

ಆ ಮಾತು ಬಾಚಣಿಗೆಯ ಹಲ್ಲಿನ ಹಾಗೆ ಎಲ್ಲೋ ಸಿಕ್ಕಿಕೊಂಡು ಉಳಿದಿತ್ತು.

ಈ ಸಲ ಅಪ್ಪನಿಗೆ ರಜೆ ಸಿಗಲಿಲ್ಲ ಎಂದು ಗೊತ್ತಾದ ಕೂಡಲೇ ಸಾಸಿವೆ ಯಾರೂ ಹೇಳದೆ ತಾನೇ ಬ್ಯಾಗು ತೆಗೆದು ಬಟ್ಟೆ ತುಂಬಿಸತೊಡಗಿದಳು. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ಅವಳು ಅಳಲಿಲ್ಲ. ಕಾಲುಚೀಲಗಳನ್ನು ಜೋಡಿ ಮಾಡಿ ಮಡಚಿಟ್ಟಳು. ಜನ್ಮದಲ್ಲಿ ಮಡಚಿದವಳಲ್ಲ.

*

ಬುಧವಾರ ಅವಳು ಎರಡನೇ ಪಾಳಿಯ ಗುಮಾಸ್ತೆಯನ್ನು ಹಿಡಿದಳು. ಐವತ್ತೆರಡು ವರ್ಷದ ಗುಂಡುಗುಂಡನೆಯ ಹೆಂಗಸು, ಎಲ್ಲರಿಗೂ ಸಂಜೆ ಅಕ್ಕ. ಎರಡೂವರೆಯಿಂದ ರಾತ್ರಿ ಹತ್ತೂವರೆಯವರೆಗೆ ಕೂತು ಕೂತು ಸೂರ್ಯಾಸ್ತ ನೋಡಿ ಹನ್ನೊಂದು ವರ್ಷವಾಯಿತು ಅನ್ನುವುದು ಅವಳ ದಿನನಿತ್ಯದ ಗೊಣಗಾಟ.

"ಅಕ್ಕ, ಹತ್ತು ದಿನ ನಾವಿಬ್ಬರೂ ಪಾಳಿ ಬದಲಾಯಿಸಿಕೊಳ್ಳೋಣ್ವಾ? ನೀವು ಬೆಳಗ್ಗೆ ಬನ್ನಿ, ನಾನು ಮಧ್ಯಾಹ್ನ ಬರ್ತೀನಿ."

ಅಕ್ಕ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡಳು. "ನಿಜವಾಗ್ಲೂ? ಸಂಜೆ ಪೂರ್ತಿ ನಂದಾ?"

"ಪೂರ್ತಿ ನಿಮ್ಮದೇ."

"ಹಾಗಾದ್ರೆ ನಾನು ಈಜು ಕಲೀತೀನಿ ಕಣೇ. ನಮ್ಮ ರಸ್ತೆ ಕೊನೇಲಿ ಈಜುಕೊಳ ಇದೆ. ದಿನಾ ಬಸ್ಸಿಂದ ನೋಡಿಕೊಂಡು ಬರ್ತೀನಿ, ನೀರಲ್ಲಿ ಎಲ್ಲರೂ ಎಷ್ಟು ಸುಖವಾಗಿರ್ತಾರೆ!" ಗುರುವಾರವೇ ಹೋಗಿ ಹೆಸರು ಬರೆಸಿ ಬಂದಳು. ಶುಕ್ರವಾರ ಹಳದಿ ರಬ್ಬರ್ ಟೋಪಿ ತಂದು, ಕಚೇರಿಯಲ್ಲೇ ಹಾಕಿ ತೋರಿಸಿ, ತೆಗೆಯಲಾಗದೆ ಅರ್ಧ ಗಂಟೆ ಹಾಗೆಯೇ ಟೈಪು ಮಾಡಿದಳು.

ಲೆಕ್ಕಾಚಾರ ಸರಳವಾಗಿತ್ತು. ಅವಳು ಎರಡನೇ ಪಾಳಿಗೆ ಹೋದರೆ ಬೆಳಗ್ಗೆಯೆಲ್ಲ ಮಗಳ ಜೊತೆ. ಅವನು ಎಂದಿನಂತೆ ಎರಡಕ್ಕೆ ಬಸ್ಸು ಬಿಟ್ಟು ಮನೆಗೆ ಹೋದರೆ ಮಧ್ಯಾಹ್ನದಿಂದ ರಾತ್ರಿಯವರೆಗೆ ಅವನು. ನಡುವೆ ಅರ್ಧ ಗಂಟೆ, ಡಿಪೋದಿಂದ ಮನೆಗೆ ಹತ್ತು ನಿಮಿಷದ ದಾರಿ. ಇದನ್ನು ಅವನಿಗೆ ಹೇಳುವುದೊಂದೇ ಬಾಕಿ. ನಾಲ್ಕು ಸಲ ಫೋನಿನಲ್ಲಿ ಬರೆದಳು, ನಾಲ್ಕು ಸಲ ಅಳಿಸಿದಳು. "ವ್ಯವಸ್ಥೆ ಮಾಡಲಾಗಿದೆ" ಅಂದರೆ ಅಹಂಕಾರ ಅನ್ನುತ್ತಾನೆ. "ಮಾಡ್ತೀಯಾ?" ಅಂದರೆ ಮಂಗಳವಾರ ಠಸ್ಸೆ ಒತ್ತಿದವಳು ಬುಧವಾರ ಬೇಡಿಕೊಂಡ ಹಾಗಾಗುತ್ತದೆ. ಮ್ಯಾನೇಜರ ಸಹಿ ಬೀಳಲಿ, ಶನಿವಾರ ಹೇಳಿದರಾಯಿತು ಅಂದುಕೊಂಡಳು. ಎಲ್ಲರ ಪಾಳಿಯನ್ನೂ ಪೆನ್ಸಿಲಿನಲ್ಲಿ ಮೊದಲು ಬರೆದು ನೋಡುವವಳು ತನ್ನದನ್ನು ಮಾತ್ರ ತಲೆಯಲ್ಲೇ ಬರೆದುಕೊಂಡಳು. ತಪ್ಪಾದದ್ದು ಅಲ್ಲೇ.

*

ಶನಿವಾರ ಮಧ್ಯಾಹ್ನ ಒಂದೂವರೆಗೆ ಚೀಟಿ ಪೆಟ್ಟಿಗೆಯ ಬೀಗ ತೆಗೆದಳು. ಇಬ್ಬರು ಡ್ರೈವರುಗಳು ತಮ್ಮತಮ್ಮಲ್ಲೇ ಪಾಳಿ ಬದಲಾಯಿಸಿಕೊಳ್ಳಬೇಕೆಂದರೆ ಒಂದು ಬದಲಿ ಚೀಟಿಗೆ ಇಬ್ಬರೂ ಸಹಿ ಹಾಕಿ ಈ ಪೆಟ್ಟಿಗೆಗೆ ಹಾಕಬೇಕು. ವಾರಕ್ಕೊಮ್ಮೆ ಅವಳು ತೆಗೆದು ನೋಡುತ್ತಾಳೆ. ಸಾಮಾನ್ಯವಾಗಿ ಮೂರೋ ನಾಲ್ಕೋ ಇರುತ್ತವೆ. ಇವತ್ತು ಹದಿಮೂರು. ಅದರಲ್ಲಿ ಹತ್ತು ಒಂದೇ ಕೈಬರಹ.

ಹದಿನಾಲ್ಕರ ಕೈಬರಹ. ಹತ್ತು ದಿನಕ್ಕೆ ಹತ್ತು ಬೇರೆ ಬೇರೆ ಡ್ರೈವರುಗಳನ್ನು ಕಾಡಿ ಬೇಡಿ, ತನ್ನ ಮೊದಲ ಪಾಳಿ ಅವರಿಗೆ ಕೊಟ್ಟು ಅವರ ಎರಡನೇ ಪಾಳಿ ತಾನು ತೆಗೆದುಕೊಂಡಿದ್ದ. ಒಂದೊಂದರಲ್ಲೂ ಕಾರಣದ ಜಾಗ ತುಂಬಿತ್ತು. ಅಂಚಿಗೂ ಹರಿದಿತ್ತು.

ಮೊದಲನೆಯದು: "ಮಗಳಿಗೆ ಶಾಲೆ ರಜೆ. ಬೆಳಗ್ಗೆ ನೋಡಿಕೊಳ್ಳುವವರಿಲ್ಲ."

ಎರಡನೆಯದು: "ಮೇಲಿನದೇ. ಕಾರಣ ಪೂರ್ತಿ ಬರೆಯಬೇಕು ಎಂದು ಆದೇಶವಾಗಿರುವುದರಿಂದ ಮುಂದುವರಿಸುತ್ತೇನೆ."

ಮೂರನೆಯದು: "ದೊಡ್ಡಜ್ಜಿ ಮನೆಗೆ ಕಳಿಸಬಾರದು ಅಂತ. ಹೋದ ಸಲ ಬಂದ ಮೇಲೆ ನನ್ನ ಬಸ್ಸಿನಲ್ಲಿ ಕೊನೇ ಸ್ಟಾಪಿನವರೆಗೂ ಕೂತಿದ್ದಳು. ಒಂದು ಮಾತಾಡಲಿಲ್ಲ."

ನಾಲ್ಕನೆಯದು: "ಇವರಿಗೆ ಹನ್ನೊಂದನೇ ನಂಬರಿನ ಮಾರುಕಟ್ಟೆ ರೂಟು ಸಾಕಾಗಿದೆಯಂತೆ. ಮೂಟೆ, ಬುಟ್ಟಿ, ಜಗಳ. ನನಗೆ ಪರವಾಗಿಲ್ಲ."

ಆರನೆಯದು: "ಮಗಳ ಅಮ್ಮ ರಜೆ ಹಾಕುವ ಹಾಗಿಲ್ಲ ಅಂತ ಗೊತ್ತು. ಅವರು ಒಂದು ದಿನ ಇಲ್ಲದಿದ್ದರೆ ಈ ಡಿಪೋದಿಂದ ಒಂದು ಸೈಕಲ್ಲೂ ಹೊರಡುವುದಿಲ್ಲ."

ಒಂಬತ್ತನೆಯದು: "ಅವರನ್ನೇ ನೇರವಾಗಿ ಕೇಳಬಹುದಿತ್ತು. ಕೇಳಿದರೆ ಫ್ರಿಜ್ಜಿನ ವಿಷಯ ಬರುತ್ತದೆ."

ಹತ್ತನೆಯದು: "ಜಾಗ ಮುಗಿಯಿತು."

ಅವಳಿಗೆ ನಗು ಬಂತು. ಅಭ್ಯಾಸಬಲದಿಂದ ಪೆನ್ಸಿಲು ತೆಗೆದುಕೊಂಡು ಎರಡು ಗೆರೆ ಎಳೆದಳು. ಮಗಳ ಹತ್ತಿರ ಬೆಳಗ್ಗೆ: ಅವನು. ಬೆಳಗ್ಗೆ: ಅವಳು. ಮಧ್ಯಾಹ್ನ ಎರಡೂವರೆಯಿಂದ ರಾತ್ರಿ ಹತ್ತೂವರೆ: ಯಾರೂ ಇಲ್ಲ.

ನೂರಾ ಹನ್ನೆರಡು ಡ್ರೈವರುಗಳ ಪಾಳಿಯನ್ನು ಒಂದಕ್ಕೊಂದು ತಾಗದಂತೆ ಹೊಂದಿಸುವವಳು ಇಬ್ಬರದ್ದನ್ನು ಡಿಕ್ಕಿ ಹೊಡೆಸಿ ಕೂತಿದ್ದಳು. ಬೆಳಗ್ಗೆ ಮಗಳಿಗೆ ಅಪ್ಪ ಅಮ್ಮ ಇಬ್ಬರೂ, ಮಧ್ಯಾಹ್ನದ ಮೇಲೆ ಯಾರೂ ಇಲ್ಲ, ಅಂದರೆ ಮತ್ತೆ ದೊಡ್ಡಜ್ಜಿಯ ಪ್ಲಾಸ್ಟಿಕ್ ಸೋಫಾನೇ ಗತಿ.

ಗಡಿಯಾರ ನೋಡಿದಳು. ಒಂದೂಮುಕ್ಕಾಲು. ಫೋನು ಕೈಗೆತ್ತಿಕೊಂಡು ಬರೆದಳು, "ಈ ಮೂಲಕ ತಿಳಿಸುವುದೇನೆಂದರೆ..." ಅಷ್ಟಕ್ಕೇ ನಿಲ್ಲಿಸಿ, "ಥೂ ನನ್ನ ಮುಖಕ್ಕೆ," ಅಂದು ಹತ್ತು ಚೀಟಿಗಳನ್ನೂ ಹಿಡಿದುಕೊಂಡು ಅಂಗಳಕ್ಕಿಳಿದಳು.

*

ಹದಿನಾಲ್ಕನೇ ನಂಬರು ಬಸ್ಸು ತೊಳೆಯುವ ಯಂತ್ರದ ಮುಂದೆ ಸರದಿಗೆ ನಿಂತಿತ್ತು. ಅವನು ಡ್ರೈವರ್ ಸೀಟಿನಲ್ಲಿ ಕೂತು ಸೇಬು ತಿನ್ನುತ್ತಿದ್ದ. ಅವಳು ಕೆಳಗೆ ನಿಂತು ಕಿಟಕಿ ತಟ್ಟಿದಳು. ಅವನು ಗಾಜು ಸರಿಸಿದ. ಎಂಟು ವರ್ಷದಲ್ಲಿ ಮೊದಲ ಸಲ ಕಿಟಕಿಯ ಒಳಗೆ ಅವನು, ಹೊರಗೆ ಅವಳು.

"ಏನು ಮೇಡಂ?"

"ಮಾತಾಡಬೇಕು."

"ಯಾವ ವಿಷಯಕ್ಕೆ?"

"ಮಗಳು."

ಅವನು ಸೇಬು ಜಗಿದು ನುಂಗಿದ. "ಕಾರಣ ಪೂರ್ತಿ ಹೇಳ್ಬೇಕು."

"ಹೇಳ್ತೀನಿ, ಬಾಗಿಲು ತೆಗಿ. ಹಿಂದೆ ಎಲ್ಲರೂ ನೋಡ್ತಿದ್ದಾರೆ."

ಬಾಗಿಲು ಉಸ್ಸೆಂದು ತೆರೆದುಕೊಂಡಿತು. ಅವಳು ಹತ್ತಿದ ಕೂಡಲೇ ಮುಂದಿನ ಬಸ್ಸು ಸರಿಯಿತು, ಹಿಂದಿನ ಬಸ್ಸಿನಿಂದ ಹಾರ್ನ್ ತಾತ ತನ್ನ ಕೆಲಸ ಶುರುಮಾಡಿದ. ಬೇರೆ ದಾರಿಯಿರಲಿಲ್ಲ. ಬಸ್ಸು ಯಂತ್ರದೊಳಕ್ಕೆ ಹೋಯಿತು. ಎರಡೂ ಕಡೆಯಿಂದ ಆಳೆತ್ತರದ ಬ್ರಷ್ಷುಗಳು ಗಿರಗಿರನೆ ತಿರುಗುತ್ತ ಬಂದವು, ಗಾಜಿನ ಮೇಲೆಲ್ಲ ನೊರೆ ಸುರಿಯಿತು, ಹೊರಗಿನ ಲೋಕ ಮಾಯವಾಯಿತು. ಇನ್ನು ಐದು ನಿಮಿಷ ಇಳಿಯುವ ಹಾಗಿಲ್ಲ.

ಅವಳು ನಲವತ್ತು ಖಾಲಿ ಸೀಟಿನ ಬಸ್ಸಿನಲ್ಲಿ ಮೊದಲನೇ ಸೀಟಿನಲ್ಲಿ ಕೂತು ಹೇಳಿದಳು. ಸಂಜೆ ಅಕ್ಕ, ಹಳದಿ ಟೋಪಿ, ನಾಲ್ಕು ಸಲ ಅಳಿಸಿದ ಸಂದೇಶ, ಎಲ್ಲ.

ಅವನು ಬಾಯಿ ತೆರೆದುಕೊಂಡು ಕೇಳಿದ. "ಅಂದ್ರೆ ನೀನೂ ಎರಡನೇ ಪಾಳಿ?"

"ಹೂಂ."

"ನಾನೂ ಎರಡನೇ ಪಾಳಿ."

"ಹೂಂ."

"ನನಗೆ ಒಂದು ಮಾತು ಹೇಳೋಕೇನಾಗಿತ್ತು?"

"ನಿನಗೇನಾಗಿತ್ತು? ಹತ್ತು ಜನರ ಕಾಲು ಹಿಡಿದಿದ್ದೀಯ, ನನಗೊಂದು ಮಾತು ಹೇಳೋಕೆ ಬಾಯಿರಲಿಲ್ವಾ?"

"ಹೇಳಿದ್ರೆ ಮತ್ತೆ ಠಪ್ಪ್ ಅಂತ ಒತ್ತುತೀಯ ಅಂದುಕೊಂಡೆ. ಆವತ್ತು ಫ್ರಿಜ್ಜು ತರುವಾಗಲೂ..."

ಬ್ರಷ್ಷು ಕಿಟಕಿಯನ್ನು ಬಡಿಯುತ್ತಿತ್ತು.

"ನೋಡು, ಬಂತು," ಅಂದಳು ಅವಳು.

"ಈ ಸಲ ಆರನೇ ವಾಕ್ಯಕ್ಕೆ ಬಂದಿದೆ," ಅಂದ ಅವನು. "ಸುಧಾರಿಸಿದ್ದೀವಿ."

ನಕ್ಕಳು. ಅವನೂ ನಕ್ಕ. ಆಮೇಲೆ ಅವನು ಮೆಲ್ಲಗೆ ಕೇಳಿದ, "ಬ್ಯಾಗು ತುಂಬಿಸ್ತಿದ್ದಾಳಾ?"

"ಕಾಲುಚೀಲ ಜೋಡಿ ಮಾಡಿ ಮಡಚಿಟ್ಟಿದ್ದಾಳೆ."

"ಸಾಸಿವೆ? ಮಡಚಿಟ್ಟಳಾ?" ಅವನ ಮುಖದಲ್ಲಿದ್ದ ನಗು ಹೊರಟುಹೋಯಿತು. ಉಳಿದ ಸೇಬನ್ನು ಕಾಗದದಲ್ಲಿ ಸುತ್ತಿ ಪಕ್ಕಕ್ಕಿಟ್ಟ. "ನನ್ನ ಹತ್ತೂ ಚೀಟಿ ಹರಿದುಹಾಕು. ನೀನು ಹೇಗೆ ಬರೆದಿದ್ದೀಯೋ ಹಾಗೇ ಇರಲಿ. ನಾನು ಮಧ್ಯಾಹ್ನ ನೋಡ್ಕೋತೀನಿ."

ಒಂದು ಕ್ಷಣ ಅವಳು ಹೂಂ ಅನ್ನಬೇಕೆಂದಿದ್ದಳು. ಕೈಯಲ್ಲಿದ್ದ ಮೂರನೇ ಚೀಟಿ ಕಾಣಿಸಿತು. ಕೊನೇ ಸ್ಟಾಪಿನವರೆಗೂ ಒಂದು ಮಾತಿಲ್ಲದೆ ಕೂತಿದ್ದ ಹುಡುಗಿಯನ್ನು ಕನ್ನಡಿಯಲ್ಲಿ ನೋಡುತ್ತ ಬಸ್ಸು ಓಡಿಸಿದವನಿಗೂ ಒಂದಷ್ಟು ಬೆಳಗು ಬೇಕಲ್ಲ.

"ಬೇಡ. ಮೊದಲ ವಾರ ನಿನ್ನ ಚೀಟಿ ನಡೀಲಿ. ಬೆಳಗ್ಗೆ ನೀನು, ಮಧ್ಯಾಹ್ನದ ಮೇಲೆ ನಾನು. ಎರಡನೇ ವಾರ ನನ್ನ ಬದಲಿ ನಡೀಲಿ. ಅಕ್ಕನೂ ಒಂದು ವಾರ ಮುಳುಗಿ ಏಳಲಿ."

"ಅರ್ಧ ಅರ್ಧನಾ? ಫ್ರಿಜ್ಜನ್ನೂ ಹೀಗೇ ಕೊಯ್ದಿದ್ರೆ ಬಾಗಿಲಲ್ಲೇ ಬರ್ತಿತ್ತು."

"ಮಾರುಕಟ್ಟೆ ರೂಟು ಮೊದಲ ವಾರದ್ದು, ಗೊತ್ತಲ್ಲ? ಅದು ಹಾಗೇ ಇರುತ್ತೆ."

"ಅಯ್ಯೋ ಪಾಪಿ!"

ನೊರೆ ಜಾರಿತು. ಗಾಜು ತಿಳಿಯಾಯಿತು. ಯಂತ್ರದ ಆಚೆ ತುದಿಯಲ್ಲಿ ಆರೇಳು ಜನ ಡ್ರೈವರುಗಳು ಸುಮ್ಮನೆ ಏನೋ ಕೆಲಸವಿರುವ ಹಾಗೆ ನಿಂತಿದ್ದರು.

"ಪ್ರಾಣ ಸಹಿತ ಹೊರಗೆ ಬಂದ್ರು ಕಣ್ರೋ!" ಅಂದ ಹಾರ್ನ್ ತಾತ ಹಿಂದಿನ ಬಸ್ಸಿನಿಂದ ತಲೆ ಹೊರಹಾಕಿ.

*

ಆಮೇಲಿನ ನಲವತ್ತು ನಿಮಿಷ ಡಿಪೋ ಕಂಡು ಕೇಳರಿಯದ್ದು. ಯಾವತ್ತೂ ಕಿಟಕಿಯಿಂದ ಈಚೆ ಬರದ ಪೆನ್ಸಿಲ್ ಮೇಡಂ ಅಂಗಳದಲ್ಲಿ ಓಡಾಡಿದಳು. ಎರಡನೇ ವಾರದ ಐದು ಚೀಟಿ ರದ್ದು ಮಾಡಬೇಕೆಂದರೆ ಐದು ಜನರ ಸಹಿ ಬೇಕು. ಒಬ್ಬ ವಿಶ್ರಾಂತಿ ಕೋಣೆಯಲ್ಲಿ ಮಲಗಿದ್ದ, ಎಬ್ಬಿಸಿದಳು. ಒಬ್ಬ ಕ್ಯಾಂಟೀನಿನಲ್ಲಿ ಎರಡೂ ಕೈಯಲ್ಲಿ ತಿನ್ನುತ್ತಿದ್ದ, ಅವನ ಕೈ ಒರೆಸಿ ಪೆನ್ನು ಹಿಡಿಸಿದಳು. ಮೂರನೆಯವನು, "ನಾನು ಆ ಸಂಜೆ ಹೆಂಡತಿ ಜೊತೆ ಸಿನಿಮಾಕ್ಕೆ ಅಂತ ಹೇಳಿಬಿಟ್ಟಿದ್ದೆ ಮೇಡಂ," ಎಂದು ರಾಗ ಎಳೆದ. ಅವಳು ಪಾಳಿಯ ಹಾಳೆಯನ್ನೇ ಗೋಡೆಗೆ ಒತ್ತಿಹಿಡಿದು, ಪೆನ್ಸಿಲಿನಲ್ಲಿ ಎರಡು ಹೆಸರು ಅತ್ತಿತ್ತ ಮಾಡಿ, ಅವನ ಸಿನಿಮಾ ಗುರುವಾರಕ್ಕೆ ಬರುವ ಹಾಗೆ ಮಾಡಿಕೊಟ್ಟಳು. ಉಳಿದಿಬ್ಬರು ಏನೂ ಕೇಳದೆ ಸಹಿ ಹಾಕಿದರು. ಅಕ್ಕ ಮಾತ್ರ ಒಂದೇ ವಾರ ಅಂದಾಗ ಟೋಪಿಯನ್ನು ಸವರಿದಳು. "ಹೋಗ್ಲಿ ಬಿಡು. ಒಂದು ವಾರಕ್ಕೆ ತೇಲೋದು ಕಲೀತೀನಿ. ಮುಂದಕ್ಕೆ ಹೋಗೋದು ಮುಂದಿನ ರಜಕ್ಕೆ."

ಮೂರಕ್ಕೆ ಹತ್ತು ನಿಮಿಷವಿದ್ದಾಗ ಮ್ಯಾನೇಜರ ಮೇಜಿನ ಮೇಲೆ ತನ್ನದೇ ಬದಲಿ ಚೀಟಿ ಇಟ್ಟಳು. ಅವನು ಕನ್ನಡಕ ಮೂಗಿನ ತುದಿಗೆ ಇಳಿಸಿ ಓದಿದ. ಕಾರಣದ ಜಾಗದಲ್ಲಿ ಒಂದೇ ಪದ.

"ಕಾರಣ ಪೂರ್ತಿ ಬರೀಬೇಕು ಅಂತ ಎಲ್ಲರಿಗೂ ಹೇಳೋರು ನೀವೇ ಅಲ್ವೇನಮ್ಮ?"

"ಪೂರ್ತಿನೇ ಸಾರ್," ಅಂದಳು ಅವಳು. "ಒಬ್ಬಳೇ ಇರೋದು."

ಬಾಗಿಲ ಹೊರಗೆ ಯಾರೋ ಕೆಮ್ಮಿದರು. ಸೇಬು ಗಂಟಲಿಗೆ ಸಿಕ್ಕಿಕೊಂಡವರ ಕೆಮ್ಮು. ಮ್ಯಾನೇಜರು ಸಹಿ ಹಾಕಿದ.

ಹಾಳೆ ಬೋರ್ಡಿಗೆ ಹತ್ತಿದ ಮೇಲೆ ಮನೆಗೆ ಫೋನು ಮಾಡಿದಳು. ನರ್ಸಮ್ಮ ಎತ್ತಿ ಸಾಸಿವೆಗೆ ಕೊಟ್ಟಳು.

"ಪುಟ್ಟಾ, ದೊಡ್ಡಜ್ಜಿ ಮನೆಗೆ ಹೋಗೋದಿಲ್ಲ ನೀನು. ಒಂದು ವಾರ ಬೆಳಗ್ಗೆ ಅಪ್ಪ, ಸಂಜೆ ನಾನು. ಇನ್ನೊಂದು ವಾರ ಬೆಳಗ್ಗೆ ನಾನು, ಸಂಜೆ ಅಪ್ಪ."

ಹೋದ ಎರಡು ವರ್ಷದಲ್ಲಿ ಎಷ್ಟೋ ವ್ಯವಸ್ಥೆಗಳು ಆಗಿ ಮುರಿದದ್ದನ್ನು ನೋಡಿದವಳು ಸಾಸಿವೆ.

"ಅಪ್ಪ ತಿಂಡಿ ಮಾಡ್ತಾರಾ?"

"ಮಾಡ್ತಾರಂತೆ."

"ಸೀದುಹೋಗುತ್ತೆ."

"ಸೀದದ್ದು ಕೆರೆದು ತಿನ್ನು."

ಆಮೇಲೆ ಹುಡುಗಿ ಗುಮಾಸ್ತೆಯ ಮಗಳಂತೆ ಕೇಳಿದಳು, "ಅಮ್ಮ, ಪೆನ್ಸಿಲಲ್ಲಿ ಬರ್ದಿದ್ಯಾ, ಪೆನ್ನಲ್ಲಾ?"

"ಪೆನ್ನಲ್ಲಿ. ಬೋರ್ಡಿಗೂ ಹಾಕಿ ಆಯ್ತು."

ಫೋನು ದಢಕ್ಕನೆ ಎಲ್ಲೋ ಬಿದ್ದ ಸದ್ದು. ಅದರ ಹಿಂದೆಯೇ ಬ್ಯಾಗಿನ ಜಿಪ್ಪು ಈ ತುದಿಯಿಂದ ಆ ತುದಿಗೆ ಎಳೆದ ಸದ್ದು, ಬಟ್ಟೆಯೆಲ್ಲ ನೆಲಕ್ಕೆ ಸುರಿದ ಸದ್ದು, ನರ್ಸಮ್ಮ "ಅಯ್ಯೋ, ಈಗ ತಾನೇ ಗುಡಿಸಿದ್ದೆ ಕಣೇ!" ಎಂದು ಕೂಗಿದ ಸದ್ದು.